ಮಸ್ಕ್ ಆಮೆ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ ಕಾಲೇಜುಗಳಲ್ಲಿ ಆಮೆಗಳ ಬಗ್ಗೆ ಮಾತಾಡಲು ಹೋದಾಗ, ತೋಟದ ಮನೆಗಳಲ್ಲಿ ಕಾಫಿ ಕುಡಿಯುತ್ತಾ ಕೂತಾಗ, ಕಾಗದ ಬರೆದು ವಿಚಾರಿಸಿದಾಗ ಜನ ಕೇಳಿದ ಪ್ರಶ್ನೆಗಳು ಇವು. ಅಕ್ವೇರಿಯಂ ಅಂಗಡಿಗಳಿಂದಾಗಿ ಮಸ್ಕ್ ಆಮೆಯ ಹೆಸರು ನಮ್ಮ ಕಡೆಯೂ ಓಡಾಡುತ್ತಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಮೊದಮೊದಲ ಪ್ರಶ್ನೆಗಳು

ಮೇಷ್ಟ್ರೇ, ಮಸ್ಕ್ ಆಮೆ ಅಂದ್ರೆ ಯಾವುದು? ನಮ್ಮ ಹೇಮಾವತಿಯಲ್ಲಿ ಸಿಗುತ್ತಾ?

ಸಿಗುವುದಿಲ್ಲ. ಇದು ಉತ್ತರ ಅಮೆರಿಕದ ಸಿಹಿನೀರಿನ ಆಮೆ. ಕೆನಡಾದ ದಕ್ಷಿಣದಿಂದ ಹಿಡಿದು ಕೆಳಗೆ ಫ್ಲೋರಿಡಾದವರೆಗೆ, ಪಶ್ಚಿಮಕ್ಕೆ ಟೆಕ್ಸಾಸ್‌ವರೆಗೆ ಕೆರೆ, ಹೊಂಡ, ನಿಧಾನವಾಗಿ ಹರಿಯುವ ಹೊಳೆಗಳಲ್ಲಿ ಇರುತ್ತದೆ. ದೊಡ್ಡದಾದರೂ ಚಿಪ್ಪಿನ ಉದ್ದ 14 ಸೆಂಟಿಮೀಟರ್ ಆಸುಪಾಸು, ಅಂಗೈಯಲ್ಲಿ ಕೂರುವಷ್ಟೇ. ಚಿಪ್ಪು ಕಂದು ಅಥವಾ ಕಪ್ಪು, ತಲೆಯ ಎರಡೂ ಪಕ್ಕ ಹಳದಿ ಗೆರೆಗಳು. ಗಲ್ಲ ಮತ್ತು ಗಂಟಲಿನ ಕೆಳಗೆ ಚರ್ಮದ ಚಿಕ್ಕ ಎಳೆಗಳು ಜೋತಾಡುತ್ತಿರುತ್ತವೆ. ವೈಜ್ಞಾನಿಕ ಹೆಸರು ಸ್ಟರ್ನೊಥೀರಸ್ ಓಡೊರೇಟಸ್. ಹೆದರಿಸಿದರೆ ಕೆಟ್ಟ ವಾಸನೆ ಬಿಡುತ್ತದೆ. ಹೆಸರು ಬಂದಿದ್ದೂ ಅದರಿಂದಲೇ.

ಹಾಗಾದ್ರೆ ನಮ್ಮ ತೋಟದ ಕೆರೆಯಲ್ಲಿರೋ ಕರಿ ಆಮೆ ಯಾವುದು? ಅದೂ ಹಿಡಿದ್ರೆ ನಾರುತ್ತಲ್ಲ!

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ತಪ್ಪದೆ ಕೇಳುವ ಪ್ರಶ್ನೆ ಇದು. ಅವರು ನೋಡಿರುವುದು ನಮ್ಮದೇ ಕಪ್ಪು ಆಮೆ, ಮೆಲನೊಕೆಲಿಸ್ ಟ್ರೈಜುಗ. ಅದರ ಬೆನ್ನಿನ ಮೇಲೆ ಉದ್ದಕ್ಕೆ ಮೂರು ಏಣುಗಳಿರುತ್ತವೆ. ಮಸ್ಕ್ ಆಮೆಗಿಂತ ದೊಡ್ಡದು. ಹೆದರಿದಾಗ ಕೆಟ್ಟ ವಾಸನೆಯ ದ್ರವ ಬಿಡುವುದೂ ನಿಜ. ಆದರೆ ವಾಸನೆ ಒಂದೇ ಥರ ಅಂತ ಇವೆರಡನ್ನೂ ಒಂದೇ ಮನೆಯವು ಅನ್ನುವ ಹಾಗಿಲ್ಲ.

ಅರಸೀಕೆರೆ, ಕಡೂರಿನ ಬಯಲು ಕೆರೆಗಳಲ್ಲಿ ಜಾಸ್ತಿ ಕಾಣುವುದು ಇನ್ನೊಂದು, ಕೆರೆಯ ಮೆತ್ತನೆ ಆಮೆ, ಲಿಸ್ಸೆಮಿಸ್ ಪಂಕ್ಟೇಟ. ಇದರ ಮೈಮೇಲೆ ಗಟ್ಟಿ ಚಿಪ್ಪಿನ ಬಿಲ್ಲೆಗಳಿಲ್ಲ, ನಯವಾದ ಚರ್ಮ ಇರುತ್ತದೆ. ಹಿಂಗಾಲು ಒಳಗೆಳೆದುಕೊಂಡ ಮೇಲೆ ಅದನ್ನು ಮುಚ್ಚಲು ಹೊಟ್ಟೆಯ ಕಡೆ ಎರಡು ಮಡಿಕೆಗಳಿವೆ. ಕೆರೆ ಒಣಗಿದರೆ ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ಹೂಳೆತ್ತುವ ಜೆಸಿಬಿಯವರಿಗೆ ಬೇಸಿಗೆಯಲ್ಲಿ ಸಿಗುವುದು ಬಹುಪಾಲು ಇದೇ.

ದೊಡ್ಡ ನದಿಗಳಲ್ಲಿ ಮೂರನೆಯದೊಂದಿದೆ, ಲೀತ್ ಆಮೆ. ಮೆತ್ತನೆ ಚಿಪ್ಪಿನ ಭಾರಿ ಆಮೆ. ಭಾರತದ ಪರ್ಯಾಯ ದ್ವೀಪದ ನದಿಗಳಿಗೆ ಮಾತ್ರ ಸೀಮಿತವಾದ ಇದು ಅಳಿವಿನ ಅಂಚಿಗೆ ಬಂದಿದೆ.

ಮಸ್ಕ್ ಆಮೆಯಲ್ಲಿ ಒಂದೇ ಜಾತಿಯಾ, ಬೇರೆ ಬೇರೆ ಇವೆಯಾ?

ಆರು ಜಾತಿಗಳನ್ನು ಈಗ ಗುರುತಿಸುತ್ತಾರೆ. ಆರನೆಯದನ್ನು ಬೇರೆ ಮಾಡಿ ಹೆಸರಿಟ್ಟಿದ್ದು ಇತ್ತೀಚೆಗೆ, 2017ರಲ್ಲಿ. ಸಾಮಾನ್ಯ ಮಸ್ಕ್ ಆಮೆ ಬಿಟ್ಟರೆ ಸಾಕುವವರ ಬಾಯಲ್ಲಿ ಕೇಳಿಬರುವುದು ರೇಜರ್‌ಬ್ಯಾಕ್. ಅದರ ಬೆನ್ನು ನಡುವಿನಲ್ಲಿ ಚೂಪಾಗಿ ಎದ್ದು ಎರಡೂ ಕಡೆ ಕಡಿದಾಗಿ ಇಳಿಯುತ್ತದೆ. ಫ್ಲೋರಿಡಾದ ತಿಳಿನೀರಿನ ಬುಗ್ಗೆಗಳಲ್ಲಿ ದೊಡ್ಡ ತಲೆಯ ಲಾಗರ್‌ಹೆಡ್ ಇದೆ. ಅಲಬಾಮದ ಒಂದೇ ಒಂದು ನದಿ ವ್ಯವಸ್ಥೆಯಲ್ಲಿ ಚಪ್ಪಟೆ ಮಸ್ಕ್ ಆಮೆ ಇದೆ. ಅದರ ಕತೆ ಕೊನೆಯ ಭಾಗದಲ್ಲಿ ಬರುತ್ತದೆ. ಮೆಕ್ಸಿಕೊ ಕಡೆಯ ಜೈಂಟ್ ಮಸ್ಕ್ ಆಮೆಗಳು ಇದೇ ಕುಟುಂಬದ ಬೇರೆ ಕುಲದವು.

ನಿಜವಾಗ್ಲೂ ಅಷ್ಟೊಂದು ನಾರುತ್ತಾ, ಇಲ್ಲಾ ಸುಮ್ನೆ ಹೇಳ್ತಾರಾ?

ನಾರುತ್ತದೆ. ಬೆವರಿನ ಬಟ್ಟೆ ಒದ್ದೆಯಾಗಿಯೇ ಚೀಲದೊಳಗೆ ವಾರಗಟ್ಟಲೆ ಉಳಿದುಹೋದಾಗ ಬರುವ ಹಾಗಿನ ಹುಳಿ ಮುಗ್ಗಲು. ಸೋಪು ಹಾಕಿ ಕೈ ತೊಳೆದರೂ ಬೆರಳಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಮರಿಗಳಿಗೂ ಈ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ. ಮೊಟ್ಟೆಯಿಂದ ಪೂರ್ತಿ ಹೊರಗೆ ಬರುವ ಮುಂಚೆಯೇ ವಾಸನೆ ಬಿಟ್ಟದ್ದನ್ನು ನೋಡಿದವರಿದ್ದಾರೆ. ಸಾಕಿದ ಆಮೆಗೆ ಮನುಷ್ಯರ ಅಭ್ಯಾಸವಾದ ಮೇಲೆ ವಾಸನೆ ಬಿಡುವುದು ತೀರಾ ಕಡಿಮೆಯಾಗುತ್ತದೆ. ಹಾಗಾಗಿ ಸಾಕಿದವರು "ನಮ್ಮದು ನಾರಲ್ಲ" ಅನ್ನುವುದು ಸುಳ್ಳಲ್ಲ.

ಇಷ್ಟು ಚಿಕ್ಕದು, ಕಚ್ಚಿದ್ರೆ ಏನಾಗುತ್ತೆ ಬಿಡಿ?

ಹಾಗಂದುಕೊಂಡು ಬೆರಳು ಕೊಡಬೇಡಿ. ಬಸವನಹುಳುವಿನ ಚಿಪ್ಪು ಪುಡಿ ಮಾಡುವ ದವಡೆ ಅದು. ಕತ್ತು ನೀವಂದುಕೊಂಡಿದ್ದಕ್ಕಿಂತ ಉದ್ದ, ಹಿಂಗಾಲಿನವರೆಗೂ ತಿರುಗುತ್ತದೆ. ಚಿಪ್ಪಿನ ಪಕ್ಕಕ್ಕೆ ಕೈ ಹಾಕಿದರೂ ಬಾಯಿ ಅಲ್ಲಿಗೇ ಬರುತ್ತದೆ. ಎತ್ತಲೇಬೇಕಾದರೆ ಚಿಪ್ಪಿನ ಹಿಂಬದಿಯಲ್ಲಿ ಹಿಡಿಯಬೇಕು.

## ಅದರ ಬದುಕು

ಬೇರೆ ಆಮೆಗಳು ಬಂಡೆ ಮೇಲೆ ಬಿಸಿಲು ಕಾಯ್ತವೆ. ಇದು ಮೇಲೆ ಬರೋದೇ ಇಲ್ವಲ್ಲ, ಯಾಕೆ?

ಇದರ ಸಂಸಾರ ಎಲ್ಲ ನೀರಿನ ತಳದಲ್ಲಿ. ಈಜುವುದು ಗೊತ್ತು, ಆದರೆ ನಡೆಯುವುದೇ ಇಷ್ಟ. ಹಾಸನದಲ್ಲಿ ಪರಿಚಯದವರೊಬ್ಬರ ಮನೆಯ ಗಾಜಿನ ತೊಟ್ಟಿಯಲ್ಲಿ ಒಂದನ್ನು ಬಹಳ ಹೊತ್ತು ನೋಡಿದ್ದೇನೆ. ಒಂದೊಂದೇ ಕಾಲು ಮುಂದಿಡುತ್ತದೆ. ಕಲ್ಲಿನ ಸಂದಿಗೆ ಮೂತಿ ತೂರಿಸುತ್ತದೆ, ಹಿಂದೆ ಸರಿಯುತ್ತದೆ, ಪಕ್ಕದ ಸಂದಿಗೆ ಹೋಗುತ್ತದೆ. ಉಸಿರು ಬೇಕಾದಾಗ ಹಿಂಗಾಲು ಕಲ್ಲಿನ ಮೇಲೆ ಊರಿ, ಕತ್ತು ನೀಳವಾಗಿ ಚಾಚಿ, ಮೂಗಿನ ತುದಿಯನ್ನಷ್ಟೇ ನೀರಿನಿಂದ ಮೇಲೆ ತೆಗೆಯುತ್ತದೆ. ಆಮೇಲೆ ಮತ್ತೆ ಅದೇ ಸಂದಿ.

ತಿರುಗಿಸಿ ಹೊಟ್ಟೆಯ ಕಡೆ ನೋಡಿದರೆ ಈ ನಡಿಗೆಯ ಗುಟ್ಟು ತಿಳಿಯುತ್ತದೆ. ಕೆಳಚಿಪ್ಪು ತೀರಾ ಚಿಕ್ಕದು. ಕಾಲಿನ ಸುತ್ತ ಜಾಗ ಧಾರಾಳವಾಗಿದೆ, ಎಲ್ಲ ಕಡೆಗೂ ಕಾಲು ಆಡುತ್ತದೆ. ಅದಕ್ಕೆ ತೆತ್ತ ಬೆಲೆಯೂ ಕಾಣುತ್ತದೆ: ಹೊಟ್ಟೆಯ ಚರ್ಮ ಅಷ್ಟಷ್ಟು ಬಯಲಾಗಿಯೇ ಇರುತ್ತದೆ, ಚಿಪ್ಪು ಪೂರ್ತಿ ಮುಚ್ಚಿಕೊಂಡು ಕೂರುವ ಅನುಕೂಲ ಇಲ್ಲ. ವಾಸನೆ, ಕಡಿತ ಎರಡೂ ಇದಕ್ಕೆ ಬೇಕಾಗಿದ್ದು ಅದಕ್ಕೇ ಅನ್ನಿಸುತ್ತದೆ ನನಗೆ.

ಬಿಸಿಲಿಗೆ ಬಾರದ್ದರಿಂದ ಚಿಪ್ಪಿನ ಮೇಲೆ ಪಾಚಿ ಬೆಳೆಯುತ್ತದೆ, ಜಿಗಣೆಗಳೂ ಕಚ್ಚಿಕೊಂಡಿರುತ್ತವೆ. ನಮ್ಮ ತೋಟದ ಇಂಬಳ ಅಲ್ಲ, ನೀರಿನ ಜಿಗಣೆ. ಆದರೆ ಒಮ್ಮೊಮ್ಮೆ ನೀರಿನ ಮೇಲೆ ಬಾಗಿದ ಮರವನ್ನು ಆಳೆತ್ತರಕ್ಕೂ ಹತ್ತಿಬಿಡುತ್ತದೆ! ಕೆಳಗೆ ದೋಣಿ ಬಂದರೆ ಧೊಪ್ಪನೆ ಬೀಳುತ್ತದೆ.

ಏನು ತಿನ್ನುತ್ತೆ? ಕೆರೆಯ ಮೀನೆಲ್ಲ ಖಾಲಿ ಮಾಡುತ್ತಾ?

ಅಟ್ಟಿಸಿಕೊಂಡು ಹೋಗಿ ಮೀನು ಹಿಡಿಯುವಷ್ಟು ಚುರುಕಿಲ್ಲ. ತಳದಲ್ಲಿ ಸಿಕ್ಕಿದ್ದು ಊಟ: ಬಸವನಹುಳು, ಕಪ್ಪೆಚಿಪ್ಪು, ನೀರಿನ ಹುಳುಗಳು, ಸಿಗಡಿ, ಪಾಚಿ, ಬೀಜ, ಸತ್ತ ಮೀನು. ಹೆಚ್ಚಾಗಿ ಮುಸ್ಸಂಜೆ ಮತ್ತು ರಾತ್ರಿ ಹುಡುಕಾಡುತ್ತದೆ. ಲಾಗರ್‌ಹೆಡ್ ಜಾತಿಯಲ್ಲಿ ವಯಸ್ಸಾದವುಗಳ ತಲೆ ದಪ್ಪವಾಗುತ್ತಾ ಹೋಗಿ, ದವಡೆ ಅಗಲವಾಗಿ, ಊಟದಲ್ಲಿ ಬಸವನಹುಳು, ಕಪ್ಪೆಚಿಪ್ಪುಗಳೇ ಮುಖ್ಯವಾಗುತ್ತವೆ.

ಗಾಳಕ್ಕೆ ಆಮೆ ಸಿಕ್ಕಿಬಿಡುತ್ತೆ. ಎಳೆದು ಬಿಡಿಸಲಾ?

ಗೊರೂರು ಹಿನ್ನೀರಿನಲ್ಲಿ ಗಾಳ ಹಾಕುವ ಹುಡುಗರೊಬ್ಬರು ಕೇಳಿದ್ದು. ಅಮೆರಿಕದಲ್ಲೂ ಮಸ್ಕ್ ಆಮೆ ಜನರ ಕಣ್ಣಿಗೆ ಬೀಳುವುದು ಹೀಗೇ, ಎರೆಹುಳು ಸಿಕ್ಕಿಸಿದ ಗಾಳ ನುಂಗಿ. ಕೊಕ್ಕೆ ತುಟಿಯಲ್ಲಿ ಮೇಲೆಯೇ ಕಾಣುತ್ತಿದ್ದರೆ ಅದರ ಮುಳ್ಳು ಕತ್ತರಿಸಿ ಮೆಲ್ಲಗೆ ತೆಗೆಯಬಹುದು. ನುಂಗಿದ್ದರೆ ಎಳೆಯಬೇಡಿ, ಕರುಳು ಗಂಟಲು ಹರಿಯುತ್ತದೆ. ದಾರವನ್ನು ಒಂದು ಗೇಣು ಉಳಿಸಿ ಕತ್ತರಿಸಿ, ಆಮೆಯನ್ನು ಒದ್ದೆ ಗೋಣಿ ಹಾಸಿದ ಬಕೆಟ್‌ನಲ್ಲಿಟ್ಟು, ಅರಣ್ಯ ಇಲಾಖೆಯವರಿಗೆ ತಿಳಿಸಿ ಪಶುವೈದ್ಯರ ಹತ್ತಿರ ಒಯ್ಯಿರಿ. ಇದು ನಮ್ಮ ಆಮೆಗಳಿಗೂ ಅನ್ವಯಿಸುತ್ತದೆ.

ಮೊಟ್ಟೆ ಎಲ್ಲಿಡುತ್ತೆ, ಎಷ್ಟಿಡುತ್ತೆ?

ದಡಕ್ಕೆ ಬರುವ ಮುಖ್ಯ ಕಾರಣವೇ ಮೊಟ್ಟೆ. ಸಾಮಾನ್ಯವಾಗಿ ಎರಡರಿಂದ ಐದು, ಕೆಲವೊಮ್ಮೆ ಜಾಸ್ತಿ. ಗಟ್ಟಿ ಚಿಪ್ಪಿನ, ಸ್ವಲ್ಪ ಉದ್ದನೆಯ ಮೊಟ್ಟೆಗಳು. ಗುಂಡಿ ತೋಡುವುದರಲ್ಲಿ ಸೋಮಾರಿ. ಕೊಳೆತ ಮರದ ದಿಮ್ಮಿಯ ಕೆಳಗೆ, ಎಲೆಗಸದಲ್ಲಿ ಇಟ್ಟು ಹೊರಟುಬಿಡುತ್ತದೆ. ಒಂದೇ ಜಾಗದಲ್ಲಿ ಹಲವು ಹೆಣ್ಣುಗಳು ಇಡುವುದೂ ಉಂಟು. ಎರಡರಿಂದ ಮೂರು ತಿಂಗಳಲ್ಲಿ ಮರಿಯಾಗುತ್ತದೆ. ಮರಿ ಎರಡೂವರೆ ಸೆಂಟಿಮೀಟರ್‌ಗಿಂತಲೂ ಚಿಕ್ಕದು. ರಕೂನ್, ಕೊಕ್ಕರೆ, ದೊಡ್ಡ ಮೀನು ಎಲ್ಲದಕ್ಕೂ ಅದು ತುತ್ತು.

ಎಷ್ಟು ವರ್ಷ ಬದುಕುತ್ತೆ?

ಫಿಲಡೆಲ್ಫಿಯ ಮೃಗಾಲಯದಲ್ಲಿ ಒಂದು 54 ವರ್ಷಕ್ಕೂ ಜಾಸ್ತಿ ಬದುಕಿತ್ತು. ಮಗನ ಹುಟ್ಟುಹಬ್ಬಕ್ಕೆ ತರುವ ಮುಂಚೆ ಈ ಲೆಕ್ಕ ಒಮ್ಮೆ ಹಾಕಿ ನೋಡಿ.

## ಸಾಕಬೇಕು ಅನ್ನುವವರು ಕೇಳುವುದು

ಬೆಂಗಳೂರಲ್ಲಿ ಅಂಗಡಿಯಲ್ಲಿ ಸಿಗುತ್ತಂತೆ. ತರಬಹುದಾ? ಕೇಸ್ ಆಗುತ್ತಾ?

ನಮ್ಮ ಕಾಡು, ಕೆರೆಯ ಆಮೆ ಹಿಡಿದು ಸಾಕುವುದು ಅಪರಾಧ. ಕೆರೆಯ ಮೆತ್ತನೆ ಆಮೆ ಲಿಸ್ಸೆಮಿಸ್ ಇರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಹುಲಿಯೂ ಇರುವ ಪಟ್ಟಿಯಲ್ಲಿ.

ಮಸ್ಕ್ ಆಮೆ ವಿದೇಶದ್ದಾದ್ದರಿಂದ ಲೆಕ್ಕ ಬೇರೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಅನ್ನುವ ಒಪ್ಪಂದವಿದೆ. 2022ರಲ್ಲಿ ಪನಾಮದಲ್ಲಿ ನಡೆದ ಅದರ ಸಭೆಯಲ್ಲಿ ಮಸ್ಕ್ ಆಮೆಗಳನ್ನು ಎರಡನೇ ಅನುಬಂಧಕ್ಕೆ ಸೇರಿಸಿದರು. ಅಂದರೆ ಕಾಗದಪತ್ರ ಇಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ. ಲೀತ್ ಆಮೆಯನ್ನು ಅದೇ ಸಭೆಯಲ್ಲಿ ಇನ್ನೂ ಬಿಗಿಯಾದ ಮೊದಲನೇ ಅನುಬಂಧಕ್ಕೆ ಏರಿಸಲಾಯಿತು. ನಮ್ಮ ಕಾಯ್ದೆಗೂ 2022ರಲ್ಲಿ ತಿದ್ದುಪಡಿ ಬಂದು, ಸೈಟಿಸ್ ಪ್ರಾಣಿಗಳಿಗೆಂದೇ ನಾಲ್ಕನೇ ಅನುಸೂಚಿ ಆಯಿತು. ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕೆಂದು 2024ರಲ್ಲಿ ನಿಯಮ ಬಂತು.

ಹಾಗಾಗಿ ಅಂಗಡಿಯವರು "ಏನೂ ಆಗಲ್ಲ ತಗೊಳ್ಳಿ ಸಾರ್" ಅಂದರೆ ಒಪ್ಪಬೇಡಿ. ಎಲ್ಲಿಂದ ಬಂತು, ದಾಖಲೆ ಏನು ಅಂತ ಕೇಳಿ. ಉತ್ತರ ತಡವರಿಸಿದರೆ ಹೊರಟುಬನ್ನಿ. ನನ್ನನ್ನು ಕೇಳಿದರೆ, ದಾಖಲೆ ಸರಿ ಇದ್ದರೂ ತರಬೇಡಿ ಅನ್ನುತ್ತೇನೆ. ಕತ್ತಲಲ್ಲಿ ತಳದಲ್ಲಿ ಅಡಗಿರುವುದೇ ಇದರ ಸ್ವಭಾವ. ಮಕ್ಕಳು ವಾರದಲ್ಲಿ ಬೇಜಾರಾಗಿ ಬಿಡುತ್ತಾರೆ, ಐವತ್ತು ವರ್ಷ ನೀರು ಬದಲಾಯಿಸುವುದು ನಿಮ್ಮ ಪಾಲಿಗೆ.

ಮನೆಯಲ್ಲಿ ಆಮೆ ಇದ್ರೆ ಲಕ್ಷ್ಮಿ ನಿಲ್ತಾಳೆ ಅಂತಾರೆ. ಇದು ಆಗುತ್ತಾ?

ವಾಸ್ತುವಿನವರು ಹೇಳುವುದು ಹಿತ್ತಾಳೆ ಆಮೆಯನ್ನೂ ಸೇರಿಸಿ. ಅದಕ್ಕೆ ಊಟ ಬೇಡ, ವಾಸನೆಯೂ ಇಲ್ಲ. ಅದನ್ನೇ ಇಟ್ಟುಕೊಳ್ಳಿ. ಬಾವಿ ನೀರು ಚೊಕ್ಕಟವಾಗಿರಲಿ ಅಂತ ಕೆರೆ ಆಮೆ ತಂದು ಬಾವಿಗೆ ಬಿಡುವ ರೂಢಿಯೂ ನಮ್ಮ ಹಳ್ಳಿಗಳಲ್ಲಿತ್ತು. ದಡವೇ ಇಲ್ಲದ ಬಾವಿಯಲ್ಲಿ ಅದು ಮೊಟ್ಟೆ ಇಡುವುದಾದರೂ ಎಲ್ಲಿ?

ಸಾಕೋಕೆ ಆಗ್ಲಿಲ್ಲ ಅಂದ್ರೆ ಯಗಚಿಗೋ ಹಿರೇಕೊಳಲೆ ಕೆರೆಗೋ ಬಿಟ್ರಾಯ್ತಲ್ಲ? ಪುಣ್ಯ ಬರುತ್ತೆ.

ದಯವಿಟ್ಟು ಬಿಡಬೇಡಿ. ಹಿಮ ಬೀಳುವ ಕೆನಡಾದಲ್ಲೂ, ಸೆಕೆಯ ಫ್ಲೋರಿಡಾದಲ್ಲೂ ಬದುಕುವ ಪ್ರಾಣಿಗೆ ನಮ್ಮ ಹವೆ ಏನೂ ಕಷ್ಟವಲ್ಲ. ನಮ್ಮ ಕಪ್ಪು ಆಮೆ ತಿನ್ನುವ ಬಸವನಹುಳುವಿಗೇ ಇದೂ ಪಾಲುದಾರ ಆಗುತ್ತದೆ. ತೊಟ್ಟಿಯಲ್ಲಿದ್ದಾಗ ಅಂಟಿದ ರೋಗ ಇದ್ದರೆ ಅದೂ ಕೆರೆ ಸೇರುತ್ತದೆ. ಕೆಂಪು ಕಿವಿಯ ಸ್ಲೈಡರ್ ಆಮೆಯನ್ನು ಹೀಗೇ ಬಿಟ್ಟು ಬಿಟ್ಟು ಜಗತ್ತಿನ ಎಷ್ಟೋ ದೇಶಗಳು ಈಗ ತಲೆ ಕೆಡಿಸಿಕೊಂಡಿವೆ. ಇಟ್ಟುಕೊಳ್ಳಲು ಆಗದಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಮಕ್ಕಳು ಮುಟ್ಟಿದ್ರೆ ಕಾಯಿಲೆ ಬರುತ್ತಾ?

ಬರಬಹುದು. ಆಮೆಗಳ ಮೈಮೇಲೆ, ಹೇಲಿನಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರುತ್ತದೆ. ಆಮೆಗೆ ಏನೂ ಆಗಿರುವುದಿಲ್ಲ, ಮಕ್ಕಳಿಗೆ ವಾಂತಿ, ಭೇದಿ, ಜ್ವರ ಬರುತ್ತದೆ. ಈ ಕಾರಣಕ್ಕೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವಂತಿಲ್ಲ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ. ತೊಟ್ಟಿಯ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ವಾಸನೆ ಬರೋದು ಎಲ್ಲಿಂದ? ಅದರಿಂದ ಶತ್ರು ನಿಜವಾಗ್ಲೂ ಓಡಿಹೋಗುತ್ತಾ?

ಮೇಲ್ಚಿಪ್ಪಿನ ಅಂಚಿನ ಕೆಳಗೆ, ಚರ್ಮ ಚಿಪ್ಪಿಗೆ ಸೇರುವಲ್ಲಿ, ಒಂದೊಂದು ಪಕ್ಕಕ್ಕೆ ಎರಡರಂತೆ ಗ್ರಂಥಿಗಳ ಬಾಯಿ ಇವೆ. ಹೆದರಿದಾಗ ಹಳದಿ ಬಣ್ಣದ ಹನಿ ಅಲ್ಲಿಂದ ಒಸರುತ್ತದೆ. ಜರ್ಮನಿಯ ವಿಜ್ಞಾನಿ ರಾಟ್ಕೆ ಹೆಸರಿನಲ್ಲಿ ಇವನ್ನು ರಾಟ್ಕೆ ಗ್ರಂಥಿ ಅನ್ನುತ್ತಾರೆ. ಇವು ಮಸ್ಕ್ ಆಮೆಯ ಸೊತ್ತೇನಲ್ಲ. ಹೆಚ್ಚಿನ ಆಮೆ ಕುಟುಂಬಗಳಲ್ಲಿವೆ. ನಕ್ಷತ್ರ ಆಮೆಯಂಥ ನೆಲದ ಆಮೆಗಳ ಕುಟುಂಬದಲ್ಲಿ ಮಾತ್ರ ಇಲ್ಲ.

1977ರಲ್ಲಿ ಅಮೆರಿಕದ ವಿಜ್ಞಾನಿ ಥಾಮಸ್ ಐಸ್ನರ್ ಮತ್ತು ಸಂಗಡಿಗರು ಆ ದ್ರವದಲ್ಲಿ ನಾರುವುದು ಫೀನೈಲ್ ಆಲ್ಕನೋಯಿಕ್ ಎಂಬ ಆಮ್ಲಗಳು ಎಂದು ಗುರುತಿಸಿದರು. ಸ್ವಾರಸ್ಯ ಇರುವುದು ಮುಂದೆ. ಬೇಟೆಗಾರ ಪ್ರಾಣಿ ಬಾಯಿಂದ ಉಗುಳುವಷ್ಟು ಪ್ರಮಾಣ ಅದರಲ್ಲಿ ಇರಲಿಲ್ಲ. ಹಾಗಾಗಿ ಇದು ವಿಷದ ಹಾಗಲ್ಲ, "ನನ್ನನ್ನು ಹಿಡಿದರೆ ಕಚ್ಚುತ್ತೇನೆ, ತಿನ್ನಲು ರುಚಿಯೂ ಇಲ್ಲ" ಅನ್ನುವ ಎಚ್ಚರಿಕೆ ಇರಬೇಕು ಅನ್ನುವುದು ಅವರ ವಾದ. ಮಬ್ಬು ನೀರಲ್ಲಿ, ರಾತ್ರಿಯಲ್ಲಿ ಬಣ್ಣ ತೋರಿಸಿ ಹೆದರಿಸಲು ಆಗುವುದಿಲ್ಲ ಅಲ್ವಾ? ನನಗೆ ಈ ವಾದ ಒಪ್ಪಿಗೆಯಾಗುತ್ತದೆ.

ನೀರೊಳಗೇ ಉಸಿರಾಡುತ್ತೆ ಅಂತ ಓದಿದೆ. ಕಿವಿರು ಇದೆಯಾ?

ಕಿವಿರು ಇಲ್ಲ, ಶ್ವಾಸಕೋಶವೇ. ಆದರೆ ಬಾಯಿ ಮತ್ತು ಗಂಟಲಿನ ಒಳಗೆ ರಕ್ತನಾಳ ತುಂಬಿದ ಸಣ್ಣ ಸಣ್ಣ ಗುಬುಟುಗಳಿವೆ. ಗಂಟಲು ಹಿಗ್ಗಿಸಿ ಕುಗ್ಗಿಸಿ ನೀರು ಆಡಿಸುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ವಿಯೆನ್ನಾದ ಸಂಶೋಧಕರು 2010ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ನಾಲಿಗೆಯೂ ಉಸಿರಾಟದ ಕಡೆಗೇ ವಾಲಿಬಿಟ್ಟಿದೆ, ತೀರಾ ಚಿಕ್ಕದು, ಬಲವಿಲ್ಲ. ಅದಕ್ಕೇ ದಡದಲ್ಲಿ ಹುಳು ಸಿಕ್ಕರೂ ಅಲ್ಲೇ ನುಂಗಲು ಬರುವುದಿಲ್ಲ, ನೀರಿಗೆ ಎಳೆದು ತಂದೇ ತಿನ್ನಬೇಕು.

ಉತ್ತರದ ಕೆರೆಗಳು ಮೇಲೆ ಹೆಪ್ಪುಗಟ್ಟಿದಾಗ ಈ ಉಪಾಯ ಪ್ರಾಣ ಉಳಿಸುತ್ತದೆ. ತಣ್ಣೀರಲ್ಲಿ ದೇಹದ ಖರ್ಚು ಕಡಿಮೆ, ಚರ್ಮ ಗಂಟಲಿನಿಂದ ಬಂದಷ್ಟು ಆಮ್ಲಜನಕವೇ ತಿಂಗಳುಗಟ್ಟಲೆ ಸಾಕಾಗುತ್ತದೆ. ಆದರೆ ನೀರಿನಲ್ಲಿ ಆಮ್ಲಜನಕ ಇರಲೇಬೇಕು. ಅದೇ ನಾಡಿನ ಪೇಂಟೆಡ್ ಆಮೆ ಆಮ್ಲಜನಕವೇ ಇಲ್ಲದ ಕೆಸರಲ್ಲೂ ಚಳಿಗಾಲ ಕಳೆಯುತ್ತದೆ, ಮೈಯಲ್ಲಿ ಕೂಡುವ ಆಮ್ಲವನ್ನು ಚಿಪ್ಪಿನ ಸುಣ್ಣದಿಂದ ತಗ್ಗಿಸಿಕೊಳ್ಳುತ್ತದೆ. ಮಸ್ಕ್ ಆಮೆಗೆ ಅಷ್ಟು ತಾಳಿಕೆ ಇಲ್ಲ.

ಮರಿ ಗಂಡೋ ಹೆಣ್ಣೋ ಅನ್ನೋದು ಬಿಸಿಲಿನಿಂದ ಗೊತ್ತಾಗುತ್ತೆ ಅಂತಾರಲ್ಲ, ನಿಜವಾ?

ನಿಜ. ಸಾಮಾನ್ಯ ಮಸ್ಕ್ ಆಮೆಯ ಮೊಟ್ಟೆ ತಂಪಿನಲ್ಲಿದ್ದರೂ ಹೆಣ್ಣು, ಜಾಸ್ತಿ ಬಿಸಿಯಲ್ಲಿದ್ದರೂ ಹೆಣ್ಣು. ನಡುವಿನ ಹದದಲ್ಲಿ ಗಂಡು. ಅದೇ ಕುಟುಂಬದ ಜೈಂಟ್ ಮಸ್ಕ್ ಆಮೆಯಲ್ಲಿ ಮಾತ್ರ ನಮ್ಮ ಹಾಗೆ ಎಕ್ಸ್, ವೈ ಕ್ರೋಮೋಸೋಮ್‌ಗಳೇ ತೀರ್ಮಾನಿಸುತ್ತವೆ. ಬೆಳೆದ ಮೇಲೆ ಗುರುತಿಸುವುದು ಸುಲಭ: ಗಂಡಿನ ಬಾಲ ದಪ್ಪ, ಉದ್ದ, ತುದಿಯಲ್ಲಿ ಗಟ್ಟಿ ಮೊನೆ.

ನಮ್ಮ ಕಪ್ಪು ಆಮೆಗೂ ಮಸ್ಕ್ ಆಮೆಗೂ ನೆಂಟಸ್ತಿಕೆ ಏನಾದ್ರೂ ಇದೆಯಾ?

ದೂರದ್ದು. ಮಸ್ಕ್ ಆಮೆಯ ಕುಟುಂಬಕ್ಕೆ ಹತ್ತಿರದವರು ಅಮೆರಿಕ ಖಂಡದವರೇ, ಕಚ್ಚುವುದಕ್ಕೆ ಹೆಸರಾದ ಸ್ನ್ಯಾಪಿಂಗ್ ಆಮೆಗಳೂ ಅದರಲ್ಲಿ ಸೇರಿವೆ. ನಮ್ಮ ಕಪ್ಪು ಆಮೆಗೆ ಹತ್ತಿರದ ಸಂಬಂಧ ನೆಲದ ನಕ್ಷತ್ರ ಆಮೆಯ ಕಡೆಗೆ. ಕೆರೆಯ ಮೆತ್ತನೆ ಆಮೆಯದು ಇನ್ನೊಂದು ಕವಲು.

ಚಪ್ಪಟೆ ಮಸ್ಕ್ ಆಮೆ ಅಳಿವಿನಂಚಿಗೆ ಬಂದಿದ್ದು ಯಾಕೆ? ಜನ ತಿಂದ್ರಾ?

ತಿಂದಿದ್ದಲ್ಲ. ಅಲಬಾಮದ ಬ್ಲ್ಯಾಕ್ ವಾರಿಯರ್ ನದಿಯ ಮೇಲ್ಭಾಗದಲ್ಲಿ ಮಾತ್ರ ಇದು ಇದೆ. ಬಂಡೆಗಳ ಕಿರಿದಾದ ಸಂದಿಯಲ್ಲಿ ನುಸುಳಿ ಕೂರಲು ಚಪ್ಪಟೆ ಬೆನ್ನು. ಕಲ್ಲಿದ್ದಲು ಗಣಿ ಮತ್ತು ಅಗೆತದ ಮಣ್ಣು ಹೊಳೆಗೆ ಇಳಿದು ಆ ಸಂದಿಗಳು ಮುಚ್ಚಿಹೋದವು. ತಿನ್ನುವ ಬಸವನಹುಳು, ಕಪ್ಪೆಚಿಪ್ಪುಗಳೂ ಹೂಳಿನಡಿ ಸತ್ತವು. ಅಣೆಕಟ್ಟೆಗಳು ಹರಿವ ಹೊಳೆಯನ್ನು ನಿಂತ ನೀರು ಮಾಡಿದವು. ಉಳಿದವನ್ನು ಮಾರಾಟಕ್ಕೆ ಹಿಡಿದದ್ದೂ ಇದೆ. 1987ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಪಾಯದಲ್ಲಿರುವ ಜೀವಿ ಎಂದು ಘೋಷಿಸಿತು.

ರಸ್ತೆಗೋ ರೆಸಾರ್ಟಿಗೋ ಗುಡ್ಡ ಅಗೆದ ಕಡೆ, ಮೊದಲ ಮಳೆಗೆ ಮಲೆನಾಡಿನ ಹಳ್ಳ ಕೆಂಪಾಗಿ ಹರಿಯುವುದನ್ನು ನೀವೂ ನೋಡಿರುತ್ತೀರಿ. ಆ ಮಣ್ಣು ಹೋಗಿ ಕೂರುವುದೂ ಕಲ್ಲಿನ ಸಂದಿಯಲ್ಲೇ. ಆಮೆ ಉಳಿಸಬೇಕು ಅನ್ನುವವರು ಆಮೆಗಿಂತ ಮೊದಲು ಹಳ್ಳದ ತಳ ನೋಡಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತಿರುತ್ತೇನೆ.

ಡಿಗ್ರಿ ಪ್ರಾಜೆಕ್ಟ್‌ಗೆ ಆಮೆ ತಗೋಬೇಕು ಅಂತಿದೀನಿ ಸಾರ್. ಮಸ್ಕ್ ಆಮೆ ಎಲ್ಲಿ ಸಿಗುತ್ತೆ?

ಅದನ್ನು ಬಿಡಪ್ಪ, ನಿನ್ನೂರಿನದ್ದನ್ನೇ ತಗೋ. ಹಿಡಿಯಲು, ಗುರುತು ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕು, ಡಿಗ್ರಿ ಮಟ್ಟದಲ್ಲಿ ಅದರ ತಂಟೆಗೆ ಹೋಗುವುದು ಬೇಡ. ಮುಟ್ಟದೆ ಮಾಡುವ ಕೆಲಸ ಬೇಕಾದಷ್ಟಿದೆ. ಮುಂಗಾರು ಹಿಡಿದ ಮೇಲೆ ಕಪ್ಪು ಆಮೆಗಳು ರಾತ್ರಿ ಡಾಂಬರು ರಸ್ತೆ ದಾಟುತ್ತವೆ. ಒಂದೇ ರಸ್ತೆಯ ಒಂದೇ ತುಂಡನ್ನು ದಿನಾ ಬೆಳಿಗ್ಗೆ ನಡೆದು, ಸತ್ತವು ಎಷ್ಟು, ಯಾವ ತಿರುವಿನಲ್ಲಿ ಅಂತ ಬರೆದಿಡು. ಅಯ್ಯನಕೆರೆ ಥರದ ದೊಡ್ಡ ಕೆರೆ ಹತ್ತಿರ ಇದ್ದರೆ ಬಲೆ ಹಾಕುವ ಹಿರಿಯರನ್ನು ಮಾತಾಡಿಸು. ಯಾವ ಆಮೆ ಮೊದಲು ಬರುತ್ತಿತ್ತು, ಯಾವುದು ನಿಂತುಹೋಯಿತು ಅಂತ ಕೇಳು. ಪ್ರತಿ ಆಮೆಗೂ ಚಿಪ್ಪು ಗಟ್ಟಿಯೋ ಮೆತ್ತಗೋ, ಬೆನ್ನಿನ ಏಣು ಎಷ್ಟು, ತಲೆಯ ಬಣ್ಣ ಏನು ಅನ್ನುವುದನ್ನು ತಪ್ಪದೆ ಬರೆ. ಬರೀ "ಆಮೆ ಸಿಕ್ಕಿತು" ಅಂತ ಬರೆದರೆ ಆಮೇಲೆ ಯಾರಿಗೂ ಉಪಯೋಗ ಇಲ್ಲ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡು.